ಇವರು ತುಂಬಿಸಿದ ಡಬ್ಬಿ

ರಕ್ತದ ಡಾಕ್ಟರಮ್ಮನನ್ನು ನಾನು ಮೊದಲ ದಿನವೇ ನಂಬಲಿಲ್ಲ. ಮಕ್ಕಳಾಗದವರ ಆಸ್ಪತ್ರೆಯ ಡಾಕ್ಟರು ಚೀಟಿಯಲ್ಲಿ ಆಕೆಯ ಹೆಸರಿಗೆ ಎರಡು ಸಲ ಸುತ್ತು ಹಾಕಿ, "ಇವರ ಹತ್ರಾನೇ ಹೋಗಿ" ಅಂದಾಗಲೇ ನನಗೆ ವಾಸನೆ ಹೊಡೆದಿತ್ತು. ಊರಲ್ಲಿ ರಕ್ತ ನೋಡುವವರು ಇನ್ಯಾರೂ ಇಲ್ಲವೇ? ಇಬ್ಬರಿಗೂ ಒಳಗೊಳಗೇ ಏನೋ ಇದೆ ಎಂದು ಇವರಿಗೆ ಹೇಳಿದೆ. ಇವರು ಎಂದರೆ ನನ್ನ ಗಂಡ. ಔಷಧಿ ಅಂಗಡಿ ಇಟ್ಟಿದ್ದಾರೆ.

"ಮೊಸರಲ್ಲಿ ಕಲ್ಲು ಹುಡುಕ್ತೀಯಲ್ಲೇ" ಎಂದು ನಕ್ಕರು.

ಹುಡುಕುವುದೇ ನನ್ನ ಹೊಟ್ಟೆಪಾಡು. ಬಟ್ಟೆ ಕಾರ್ಖಾನೆಯ ಚೆಕಿಂಗ್ ಮೇಜಿನ ಮುಂದೆ ಹನ್ನೊಂದು ವರ್ಷದಿಂದ ನಿಂತಿದ್ದೇನೆ. ಅಂಗಿಯ ಒಳಮೈ ಹೊರಗೆ ಮಾಡಿ, ಹೊಲಿಗೆ ಎಳೆದು ನೋಡಿ, ತಪ್ಪಿದ್ದ ಕಡೆ ಬಾಣದ ಗುರುತಿನ ಸ್ಟಿಕ್ಕರ್ ಅಂಟಿಸುತ್ತೇನೆ. ಹೊಲಿಯುವ ಹೆಂಗಸರು ನನಗಿಟ್ಟ ಹೆಸರು ಭೂತಗನ್ನಡಿ. ಅದರ ಬಗ್ಗೆ ನನಗೆ ಬೇಜಾರಿಲ್ಲ, ಸ್ವಲ್ಪ ಜಂಬವೇ ಇದೆ.

ಮದುವೆಯಾಗಿ ಆರು ವರ್ಷ ಬಸಿರೇ ನಿಲ್ಲಲಿಲ್ಲ. ಆಮೇಲೆ ಚಿಕಿತ್ಸೆಯಿಂದ ಮೂರು ಸಲ ನಿಂತಿತು, ಮೂರು ಸಲವೂ ಹತ್ತನೇ ವಾರ ದಾಟಲಿಲ್ಲ. ನನ್ನ ರಕ್ತ ಬೇಡದ ಕಡೆ ಹೆಪ್ಪುಗಟ್ಟುತ್ತಿರಬಹುದು ಎಂಬುದು ಡಾಕ್ಟರುಗಳ ಗುಮಾನಿ. ಹಾಗಿದ್ದರೆ ಬಸಿರಿನ ಉದ್ದಕ್ಕೂ ದಿನಾ ಇಂಜೆಕ್ಷನ್ ಕೊಟ್ಟು ಮಗುವನ್ನು ಉಳಿಸಿಕೊಳ್ಳಬಹುದಂತೆ. ಆದರೆ ಹನ್ನೆರಡು ವಾರ ಅಂತರದಲ್ಲಿ ಎರಡು ಸಲ ಪರೀಕ್ಷೆಯಾಗಿ, ಎರಡೂ ಒಂದೇ ಮಾತು ಹೇಳಬೇಕು. ಅಲ್ಲಿಯವರೆಗೆ ಚಿಕಿತ್ಸೆ ಮುಂದೆ ಹೋಗುವುದಿಲ್ಲ. ನನಗೆ ಮೂವತ್ತೊಂಬತ್ತು ತುಂಬಿದೆ. ಒಂದೊಂದು ವಾರವೂ ನನ್ನ ಕೈಯಿಂದಲೇ ಜಾರುತ್ತಿತ್ತು.

ಎರಡೂ ಸಲ ರಕ್ತ ತೆಗೆಯುವವಳ ಮೇಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತೆ. ಟ್ಯೂಬಿನ ಮೇಲೆ ನನ್ನ ಹೆಸರನ್ನು ನನ್ನೆದುರೇ ಬರೆಸಿದೆ. ಅವಳು ಮುಖ ಸಿಂಡರಿಸಿದಳು. ಸಿಂಡರಿಸಲಿ, ರಕ್ತ ನನ್ನದು.

ಎರಡನೆಯ ವರದಿಯ ದಿನ ಅಂಗಡಿಗೆ ಸರಕು ಬಂದಿದ್ದರಿಂದ ಇವರು ತಡವಾಗಿ ಬರುತ್ತೇನೆಂದರು. ನಾನೊಬ್ಬಳೇ ಒಳಗೆ ಹೋದೆ. ಡಾಕ್ಟರಮ್ಮ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಅದು ಚೆಕಿಂಗ್ ಮೇಜಿನ ನೋಟ.

"ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ತಗೋತಿದ್ದೀರಾ?"

"ಇಲ್ಲ. ಹೋದ ಸಲಾನೂ ಕೇಳಿದ್ರಿ, ಹೋದ ಸಲಾನೂ ಇಲ್ಲ ಅಂದೆ."

"ಬೇಜಾರು ಮಾಡ್ಕೋಬೇಡಿ. ನಾನು ಹುಡುಕ್ತಿರೋ ಕಾಯಿಲೆ ಇದ್ರೂ ವರದಿ ಕೆಡುತ್ತೆ, ಆ ಮಾತ್ರೆ ನುಂಗಿದ್ರೂ ಕೆಡುತ್ತೆ. ಆದ್ರೆ ಇದು ಕೆಟ್ಟಿರೋ ರೀತಿ ಯಾಕೋ ಮಾತ್ರೇದು ಅನ್ಸುತ್ತೆ. ಏನೇನು ತಗೋತೀರೋ ತೋರಿಸಿ."

ನನಗೆ ಪಿತ್ತ ನೆತ್ತಿಗೇರಿತು. ಪರೀಕ್ಷೆ ಕೆಡಿಸಿದವರು ಆಸ್ಪತ್ರೆಯವರು, ತಪ್ಪು ನನ್ನ ತಲೆಗೆ! ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿದೆ. ವಾರಕ್ಕೆ ಏಳು ಮುಚ್ಚಳದ ಡಬ್ಬಿ. ಪ್ರತಿ ರಜಾದಿನ ಇವರೇ ಅಂಗಡಿಯಲ್ಲಿ ಪಟ್ಟಿಯಿಂದ ಮಾತ್ರೆ ಬಿಡಿಸಿ, ಡಬ್ಬಿಯ ಒಂದೊಂದು ಮನೆಗೂ ತುಂಬಿಸಿ ತಂದುಕೊಡುತ್ತಾರೆ. "ಔಷಧಿ ಅಂಗಡಿಯವನ ಹೆಂಡತಿ ಮಾತ್ರೆ ಬಿಡಿಸೋ ಕಷ್ಟ ಪಡಬಾರದು" ಎನ್ನುತ್ತಿದ್ದರು.

ಡಾಕ್ಟರಮ್ಮ ಒಂದು ಮನೆಯನ್ನು ಬಿಳಿ ಕಾಗದದ ಮೇಲೆ ಸುರಿದರು. ನಾಲ್ಕು ಮಾತ್ರೆ. ಮೂರನ್ನು ಬೆರಳಲ್ಲಿ ಆಚೆ ಸರಿಸಿದರು. ಉಳಿದದ್ದು ಚಿಕ್ಕದು, ದುಂಡಗೆ, ಕೆಂಪಗೆ.

"ಇದು?"

"ಕಬ್ಬಿಣದ್ದು. ನಮ್ಮನೆಯವರು ಹೇಳಿದ್ರು."

ಅವರು ಅದನ್ನು ಮಗುಚಿ ನನ್ನ ಕಡೆ ತಳ್ಳಿದರು. ಬೆನ್ನ ಮೇಲೆ ಸಣ್ಣ ಅಕ್ಷರ ಅಚ್ಚಾಗಿತ್ತು. ನೂರಾರು ಅಂಗಿಗಳನ್ನು ದಿನವೂ ಮಗುಚುವ ನಾನು ಈ ಮಾತ್ರೆಯನ್ನು ಒಮ್ಮೆಯೂ ಮಗುಚಿರಲಿಲ್ಲ.

"ರಕ್ತ ತೆಳು ಮಾಡೋದು" ಎಂದರು, ಮೆಲ್ಲಗೆ. "ಎರಡೂ ಪರೀಕ್ಷೆ ದಂಡ. ಇವತ್ತೇ ನಿಲ್ಲಿಸಿ, ವಾರ ಬಿಟ್ಟು ಮೊದಲಿಂದ ಶುರು ಮಾಡೋಣ. ಬಸಿರಲ್ಲಿ ಇದನ್ನ ಮುಟ್ಟಲೇಬಾರದು, ರಕ್ತ ಹೋಗುತ್ತೆ."

ಆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಮೂರನೆಯ ಬಸಿರು ಹೋದದ್ದು ರಕ್ತ ಹೋಗಿಯೇ.

ಹೊರಗೆ ಬಂದರೆ ಇವರು ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತು, ಡಬ್ಬಿಯನ್ನು ಇವರ ತೊಡೆಯ ಮೇಲಿಟ್ಟೆ.

"ಆ ಕೆಂಪು ಮಾತ್ರೆ ಏನ್ರೀ?"

ಇವರ ಕಿವಿಯ ತುದಿ ಕೆಂಪಾಯಿತು.

"ಹೆಪ್ಪುಗಟ್ಟೋದೇ ಕಾಯಿಲೆ ಅಂದ್ರಲ್ಲ. ತೆಳು ಮಾಡಿದ್ರೆ ಸರಿಹೋಗುತ್ತೆ ಅಂದ್ಕೊಂಡೆ. ದಿನಾ ಎಷ್ಟು ಜನಕ್ಕೆ ಕೊಡ್ತೀನಿ..."

"ನಂಗೆ ಹೇಳ್ದೇನೇ?"

"ಹೇಳಿದ್ರೆ ನೀನು ನುಂಗ್ತಿದ್ಯಾ? ನೂರೆಂಟು ಪ್ರಶ್ನೆ ಕೇಳ್ತಿದ್ದೆ. ಮಗು ಹೋದಾಗಿನ ನಿನ್ನ ಆ ಮುಖ ಇನ್ನೊಂದ್ಸಲ ನೋಡೋ ಶಕ್ತಿ ಇರ್ಲಿಲ್ಲ ಕಣೇ."

"ಯಾವಾಗಿಂದ?"

ನಾನು ಏನು ಕೇಳುತ್ತಿದ್ದೇನೆಂದು ಇವರಿಗೆ ತಕ್ಷಣ ತಿಳಿಯಿತು.

"ಮೂರನೇದು ಹೋದ್ಮೇಲೆ. ನಿನ್ನಾಣೆ, ಆಮೇಲೇನೇ."

ಹದಿನಾಲ್ಕು ವರ್ಷದ ಸಂಸಾರ. ಇವರ ಕೈಯಿಂದ ಏನು ಬಂದರೂ ಕಣ್ಣು ಮುಚ್ಚಿ ನುಂಗಿದವಳು ನಾನು. ಈಗ ತಲೆ ಆಡಿಸಿದ್ದರೆ ಸಾಕಿತ್ತು. ನಾನು ಫೈಲು ಬಿಚ್ಚಿದೆ. ಮೂರನೆಯದು ಹೋದ ದಿನ ಆಸ್ಪತ್ರೆಗೆ ಸೇರಿಸುವಾಗ ತೆಗೆದ ರಕ್ತದ ವರದಿ ಅದರಲ್ಲೇ ಇತ್ತು. ಸಾಲಿನ ಮೇಲೆ ಬೆರಳಿಟ್ಟು ಹುಡುಕಿದೆ. ಹೆಪ್ಪುಗಟ್ಟಲು ಹಿಡಿದ ಸಮಯ. ಒಂದು ಕಡೆ ಇರಬೇಕಾದಷ್ಟು, ಪಕ್ಕದಲ್ಲಿ ನನಗೆ ಇದ್ದಷ್ಟು. ಎರಡು ಸಲ ಓದಿದೆ. ಸರಿಯಾಗಿಯೇ ಇತ್ತು; ಆಗಲೇ ಆ ಮಾತ್ರೆ ನುಂಗುತ್ತಿದ್ದರೆ ಹೆಚ್ಚಿರಬೇಕಿತ್ತು.

ಇವರು ಸುಳ್ಳು ಹೇಳಿರಲಿಲ್ಲ. ಎದೆಯ ಮೇಲಿನ ಭಾರ ಇಳಿಯಿತು, ಕೋಪ ಹಾಗೇ ಉಳಿಯಿತು. ಕತ್ತೆತ್ತಿದರೆ ಇವರು ನನ್ನ ಬೆರಳನ್ನೇ ನೋಡುತ್ತಿದ್ದರು.

"ನಂಬಿಕೆ ಬಂತಾ?" ಎಂದರು.

"ಕಾಗದದ ಮೇಲೆ ಬಂತು."

ಹಿಂದಿನ ಮೂರು ಸಲವೂ ನಾನು ಅತ್ತದ್ದು ಇವರ ಭುಜಕ್ಕೆ ಒರಗಿ. ಆ ಭುಜ ಗೇಣು ದೂರದಲ್ಲೇ ಇತ್ತು. ನಾನು ಎದ್ದು ಹೆಂಗಸರ ಶೌಚಾಲಯಕ್ಕೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಒಬ್ಬಳೇ ಅತ್ತೆ.