ಎಡಗಡೆಯ ಜಲಪಾತ

ಅಂಗಿಗೆ ಗುಂಡಿಯ ಕಾಜಾ ಹಾಕುವವಳ ಲೋಕವೆಲ್ಲ ಒಂದು ಗೇಣು ದೂರದಲ್ಲೇ ಮುಗಿದುಹೋಗುತ್ತದೆ. ಅತ್ತಿಗೆ ಇಪ್ಪತ್ತೊಂಬತ್ತು ವರ್ಷ ಒಂದು ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕು ಹೆಗಲ ಮೇಲೆ ಬೀಳುವ ಹಾಗೆ ಕುಳಿತು, ಅಂಗಿಗೆ ಏಳರಂತೆ ಕಾಜಾ ಹಾಕುತ್ತಲೇ ಬಂದಿದ್ದಳು. ಒಂದು ಬೆಳಿಗ್ಗೆ ತಗ್ಗಿಸಿದ ಕತ್ತು ಮೇಲಕ್ಕೇಳಲೇ ಇಲ್ಲ. ಬಟ್ಟೆ ಕತ್ತರಿಸುವ ಮಾಸ್ತರರೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

"ಮಾತ್ರೆ ಕೊಡ್ತೀನಿ," ಅಂದರು ಡಾಕ್ಟರು. "ಆದ್ರೆ ಮಾತ್ರೆಗಿಂತ ಮುಖ್ಯ ಅಂದ್ರೆ, ನೀವು ಸ್ವಲ್ಪ ದೂರ ನೋಡ್ಬೇಕು."

"ಎಷ್ಟು ದೂರ ಡಾಕ್ಟ್ರೇ?"

"ಕಾಣೋಷ್ಟು ದೂರ!"

ಅತ್ತಿಗೆ ಮನೆಗೆ ಬಂದು ಕಿಟಕಿ ತೆರೆದು ನೋಡಿದಳು. ಎದುರಿಗೆ ಪಕ್ಕದ ಮನೆಯ ಗೋಡೆ, ಗೋಡೆಯ ಮೇಲೆ ತುಕ್ಕು ಹಿಡಿದ ನೀರಿನ ಕೊಳಾಯಿ. ಅಲ್ಲಿಗೆ ದೂರ ಮುಗಿಯಿತು. ಮಾರನೆಯ ದಿನ ಇದನ್ನು ಕೇಳಿ ಮಾಸ್ತರರು ನಕ್ಕರು. "ಬೆಟ್ಟದ ರೈಲಿಗೆ ಹೋಗಿಬಾರಮ್ಮ. ವಾರಕ್ಕೆ ಎರಡೇ ದಿನ, ಒಂದೇ ಡಬ್ಬಿ. ಬಸ್ಸು ಬಂದ ಮೇಲೆ ಅದನ್ನ ಯಾರೂ ಮೂಸಿ ನೋಡಲ್ಲ. ಆದ್ರೆ ಆ ದಾರಿ ಇದೆಯಲ್ಲ, ಅದನ್ನ ನೋಡಿದ ಕಣ್ಣೇ ಕಣ್ಣು."

ಹೋಗಬೇಕೆಂದು ಅತ್ತಿಗೆಗೆ ಆಸೆಯಾಯಿತು. ಒಬ್ಬಳೇ ಹೋಗಬೇಕೆಂಬುದು ಇನ್ನೂ ದೊಡ್ಡ ಆಸೆ. ಅದಕ್ಕೆ ಅಡ್ಡ ಇದ್ದದ್ದು ನಾದಿನಿ.

ನಾದಿನಿ ಸಂಬಂಧದಲ್ಲಿ ಕಿರಿಯಳು, ವಯಸ್ಸಿನಲ್ಲಿ ಒಂದು ವರ್ಷ ಹಿರಿಯಳು. ಇಬ್ಬರಲ್ಲಿ ಯಾರ ಮಾತು ನಡೆಯಬೇಕೆಂಬುದು ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಅವಳು ಟೆಲಿಫೋನ್ ಕಚೇರಿಯಲ್ಲಿ ಆಪರೇಟರಾಗಿದ್ದವಳು, ಮದುವೆಯಾಗದೆ ಅಣ್ಣನ ಜೊತೆಗೇ ಉಳಿದವಳು. ಅಣ್ಣ ತೀರಿಕೊಂಡು ಆರು ವರ್ಷ. ಅಂದಿನಿಂದ ಅತ್ತಿಗೆ ಎಂದಿನಂತೆ ಅಂಗಡಿಗೆ, ನಾದಿನಿ ಅಡುಗೆಮನೆಗೆ ಎಂಬ ಒಪ್ಪಂದ ಯಾರೂ ಬಾಯಿಬಿಟ್ಟು ಹೇಳದೆಯೇ ನಡೆದುಕೊಂಡು ಬಂದಿತ್ತು. ಆದರೆ ಈಚೆಗೆ ಎರಡು ವರ್ಷಗಳಿಂದ ನಾದಿನಿಯ ಕೆಲಸ ಹದಗೆಟ್ಟಿತ್ತು. ಹಾಲು ಉಕ್ಕಿಸುವಳು, ಉಪ್ಪಿನ ಡಬ್ಬಿಗೆ ಸಕ್ಕರೆ ಸುರಿಯುವಳು. ಬೀದಿಯಲ್ಲಿ ಪಕ್ಕದ ಮನೆಯವಳು ನಕ್ಕರೆ ಮುಖ ಎತ್ತಿಕೊಂಡು ಹೋಗಿಬಿಡುವಳು. "ಏನು ಜಂಬ!" ಎಂದು ಆಕೆ ಅತ್ತಿಗೆಯ ಹತ್ತಿರ ದೂರಿದ್ದೂ ಆಗಿತ್ತು. ಕೇಳಿದರೆ ನಾದಿನಿ, "ಅವಳೇನು ಮಹಾರಾಣಿಯಾ, ದಿನಾ ನಗೋಕೆ?" ಎನ್ನುವಳು. ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ.

"ನೀನೊಬ್ಬಳೇ ರೈಲು ಹತ್ತೋದು, ನಾನು ಮನೇಲಿ ಗೋಡೆ ಕಾಯೋದು, ಅಲ್ವಾ?" ಅಂದಳು ನಾದಿನಿ, ಸುದ್ದಿ ಕಿವಿಗೆ ಬಿದ್ದ ಕೂಡಲೇ. ಅವಳನ್ನೂ ಒಲೆಯನ್ನೂ ಒಟ್ಟಿಗೆ ಬಿಟ್ಟುಹೋಗಲು ಅತ್ತಿಗೆಗೂ ಧೈರ್ಯವಿರಲಿಲ್ಲ. ಹೀಗೆ ಎರಡು ಟಿಕೆಟ್ಟಾಯಿತು.

ಟಿಕೆಟ್ಟು ಕೊಡುವವನು ಕನ್ನಡಕದ ಮೇಲಿಂದ ನೋಡಿದ. "ಎರಡಾ? ಹೋಗೋಕೆ ಬರೋಕೆ ಎರಡೂ?"

"ಬರದೆ ಅಲ್ಲೇ ಇರೋಕೆ ನಮಗೇನು ಅಲ್ಲಿ ಮನೆ ಕಟ್ಟಿಸಿದ್ದೀರಾ?" ಅಂದಳು ನಾದಿನಿ.

ಡಬ್ಬಿಯಲ್ಲಿ ಇವರಿಬ್ಬರನ್ನು ಬಿಟ್ಟರೆ ಮೊಟ್ಟೆಬುಟ್ಟಿ ಹಿಡಿದ ಒಬ್ಬ ಮುದುಕ, ಹಸಿರು ಬಾವುಟ ಸುತ್ತಿಟ್ಟುಕೊಂಡ ಗಾರ್ಡು. ಮುದುಕ ಎರಡನೇ ನಿಲ್ದಾಣದಲ್ಲಿ ಇಳಿದುಹೋದ. ಆಮೇಲೆ ಇಡೀ ರೈಲು ಇವರದೇ. ಹೇಳಿದ್ದನ್ನು ಕೇಳುವವರು ಸಿಕ್ಕಿದರೆಂದು ಗಾರ್ಡಿಗೆ ಹಿಗ್ಗೋ ಹಿಗ್ಗು. ಎದುರು ಸೀಟಿಗೇ ಬಂದು ಕುಳಿತ.

ರೈಲು ಬಯಲು ದಾಟಿ ಏರತೊಡಗಿತು. ಹೊಲಗಳು ಕೆಳಗೆ ಸರಿದು ತುಂಡು ಬಟ್ಟೆಗಳಷ್ಟಾದವು. ಒಂದು ತಿರುವಿನಲ್ಲಿ ಕಣಿವೆ ತಟ್ಟನೆ ಬಾಯಿಬಿಟ್ಟಿತು. ಅದರ ಆಚೆ ಒಂದು ಬೆಟ್ಟ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಬೂದಿ ಬಣ್ಣದ ಮತ್ತೊಂದು. ಅತ್ತಿಗೆ ಕತ್ತೆತ್ತಿದಳು. ಕತ್ತು ನೋಯಿತು, ಆದರೂ ಇಳಿಸಲಿಲ್ಲ. ಇಷ್ಟು ದೊಡ್ಡದನ್ನು ಇಷ್ಟು ಹತ್ತಿರ ಇಟ್ಟುಕೊಂಡು ಇಷ್ಟು ವರ್ಷ ನೂಲಿನ ಗಂಟು ನೋಡುತ್ತ ಕೂತಿದ್ದೆನಲ್ಲ ಎಂದುಕೊಂಡಳು.

"ಅಬ್ಬಬ್ಬಾ, ಎಷ್ಟು ಚೆಂದ!" ಅಂದಳು ನಾದಿನಿ ಪಕ್ಕದಲ್ಲಿ. ಗಾರ್ಡು ಏನು ತೋರಿಸಿದರೂ ಅವಳದು ಅದೇ ಮಾತು. ಸೇತುವೆಗೂ ಚೆಂದ, ಹದ್ದಿಗೂ ಚೆಂದ. ಅತ್ತಿಗೆಗೆ ಕಿರಿಕಿರಿಯಾಯಿತು. ಮಾತಿನಮಲ್ಲಿಗೆ ಇವತ್ತು ಒಂದೇ ಮಾತೇ?

ಮೂರನೇ ಸುರಂಗದೊಳಗೆ ಗಾರ್ಡು ಎದ್ದು ನಿಂತ. "ಇದು ಮುಗಿದ ತಕ್ಷಣ ನೋಡಿ, ಜಲಪಾತ. ಕೈ ಚಾಚಿದ್ರೆ ಸಿಗುತ್ತೆ ಅನ್ನೋಷ್ಟು ಹತ್ತಿರ."

ಕತ್ತಲು ಕಳಚಿತು. ಎಡಗಡೆಯ ಕಿಟಕಿಯ ತುಂಬ ನೀರು. ಆಕಾಶದಿಂದ ಯಾರೋ ಕೊಡಗಟ್ಟಲೆ ಸುರಿಯುತ್ತಿದ್ದಂತೆ, ಬಿಳಿ ಹೊಗೆಯಾಗಿ ಏಳುತ್ತಿದ್ದ ನೀರು. ಬಲಗಡೆ ಬರೀ ಕಡಿದ ಬಂಡೆ, ಕಿಟಕಿಗೆ ತಾಗುವಷ್ಟು ಸಮೀಪ. ಆ ಬಂಡೆಗೆ ಬಡಿದು ನೀರಿನ ಸದ್ದು ಬಲಗಡೆಯಿಂದಲೇ ಬರುತ್ತಿರುವ ಹಾಗೆ ಮೊಳಗುತ್ತಿತ್ತು.

ನಾದಿನಿ ಬಲಗಡೆಗೆ ಹೊರಳಿ, ಬಂಡೆಯ ಕಡೆ ಮುಖವೆತ್ತಿ, ಎರಡು ಕೈಯನ್ನೂ ಕೆನ್ನೆಗಿಟ್ಟುಕೊಂಡು ಹೇಳಿದಳು, "ಅಬ್ಬಬ್ಬಾ! ಎಷ್ಟು ಎತ್ತರದಿಂದ ಬೀಳ್ತಿದೆ ನೋಡೇ ಅತ್ತಿಗೆ!"

ಗಾರ್ಡು ಬಾಯಿ ತೆರೆದ. ಅತ್ತಿಗೆ ಕೈ ಎತ್ತಿ ಅವನನ್ನು ತಡೆದಳು.

ಉಕ್ಕಿದ ಹಾಲು, ಉಪ್ಪಿನ ಡಬ್ಬಿ, ಪೇಪರಿನಲ್ಲಿ ಈಚೆಗೆ ಓದುವಂಥದ್ದೇನೂ ಬರುವುದಿಲ್ಲ ಎಂಬ ನಾದಿನಿಯ ಮಾತು, ಪಕ್ಕದ ಮನೆಯವಳ ನಗು, ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಎರಡು ವರ್ಷ ಪ್ರತಿದಿನ ಕಣ್ಣೆದುರೇ ಇದ್ದವಳು. ಸೂಜಿಯ ಕಣ್ಣು ಕಾಣುತ್ತಿತ್ತು, ಇದು ಕಾಣಲಿಲ್ಲ.

ಗಾರ್ಡು ಮೆಲ್ಲಗೆ ಡಬ್ಬಿಯ ಆ ತುದಿಗೆ ಹೋದ. ಅತ್ತಿಗೆ ನಾದಿನಿಯ ಮುಂಗೈ ಹಿಡಿದುಕೊಂಡಳು. "ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ನೀರು ಈ ಕಡೆ ಇದೆ ಕಣೇ."

ನಾದಿನಿಯ ಮುಖ ಒಮ್ಮೆಲೇ ಬರಿದಾಯಿತು. ಇನ್ನೊಂದು ಕೈಯಿಂದ ತಡವಿ ಕಿಟಕಿಯ ಕಂಬಿ ಹಿಡಿದುಕೊಂಡಳು. ಆಮೇಲೆ, "ಎರಡು ವರ್ಷ ಆಗ್ತಾ ಬಂತು," ಅಂದಳು. "ಮೊದಲು ಮಂಜು ಮಂಜು ಅಂತಿತ್ತು. ಈಗ ಒಂದು ಕಣ್ಣಲ್ಲಿ ಬೆಳಕು ಮಾತ್ರ. ಇನ್ನೊಂದರಲ್ಲಿ ನೆರಳು ಓಡಾಡುತ್ತೆ."

"ಬಾಯಿಗೆ ಏನು ಬೀಗ ಹಾಕಿಕೊಂಡಿದ್ದೆ? ಊರಿನ ಸುದ್ದಿಯೆಲ್ಲ ಹೇಳ್ತೀಯ, ನಿನ್ನ ಕಣ್ಣಿನ ಸುದ್ದಿ ಹೇಳೋಕೆ ಏನಾಗಿತ್ತು ದಾಡಿ?" ಅತ್ತಿಗೆಯ ದನಿ ಏರಿತು. ಕೋಪವೋ ಅಳುವೋ ಅವಳಿಗೇ ತಿಳಿಯಲಿಲ್ಲ.

"ಹೇಳಿದ್ರೆ ಒಲೆ ಹತ್ತಿರ ಬಿಡ್ತಿದ್ಯಾ?" ನಾದಿನಿ ಮಡಿಲ ಕಡೆ ಮುಖ ಮಾಡಿ ಹೇಳಿದಳು. "ಅಣ್ಣ ಇದ್ದಾಗ ಅದು ಅಣ್ಣನ ಮನೆ. ಈಗ ನಿನ್ನ ಮನೆ. ಅಡುಗೆ ಒಂದು ಮಾಡ್ತಿದ್ದೆ, ತಿನ್ನೋ ಅನ್ನಕ್ಕೆ ಅರ್ಥ ಇತ್ತು. ಅದೂ ಹೋದ್ರೆ, ಮೂಲೇಲಿ ಕೂತು ನಿನಗೆ ಭಾರ ಆಗೋಕೆ ನಾನ್ಯಾರು?"

ಮದುವೆಯಾಗಿ ಬಂದ ಮೊದಲ ವಾರ ತನಗೆ ಜ್ವರ ಬಂದಾಗ, ಕಚೇರಿಗೆ ರಜೆ ಹಾಕಿ ಮೂರು ದಿನ ಹಾಸಿಗೆಯ ಪಕ್ಕ ಕೂತಿದ್ದವಳು ಇವಳೇ. ಅದನ್ನು ಹೇಳಬೇಕೆಂದು ಅತ್ತಿಗೆಗೆ ಅನಿಸಿತು. ಹೇಳುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ.

"ಭಾರ ಎಲ್ಲಿಂದ ಬಂತು?" ಅಂದಳು ಕೊನೆಗೆ. "ನೀನಿಲ್ಲದಿದ್ರೆ ನಾನು ಜಗಳ ಆಡೋಕೆ ಗೋಡೆ ಹತ್ತಿರ ಹೋಗಬೇಕಾ?"

ನಾದಿನಿ ಮೂಗು ಒರೆಸಿಕೊಂಡಳು. "ಈಗ ಏನು ಕಾಣ್ತಿದೆ?" ಎಂದು ಕೇಳಿದಳು.

ಅತ್ತಿಗೆ ವರ್ಣನೆಯಲ್ಲಿ ಕಚ್ಚಾ. "ಬೆಟ್ಟ. ದಟ್ಟ ಹಸಿರು, ಆ ಹಳೇ ಮಖಮಲ್ಲಿನ ಥರ. ಮಧ್ಯದಲ್ಲಿ ಒಂದು ದಾರಿ, ದೊಡ್ಡ ಟಾಕು ಹಾಕಿ ಹೊಲಿದ ಹಾಗೆ. ಕೆಳಗೆ ಹೊಳೆ, ಬಿಚ್ಚಿ ಬಿದ್ದ ಬಿಳಿ ರಿಬ್ಬನ್ನು."

"ನಿನಗೆ ಎಲ್ಲಾನೂ ಬಟ್ಟೆಯೇ! ಬೆಟ್ಟಕ್ಕೆ ಜೇಬಿದೆಯಾ, ಅದನ್ನೂ ಹೇಳು."

"ಇದೆ. ಎರಡಿದೆ. ಒಂದರಲ್ಲಿ ಮೋಡ ಇಟ್ಟಿದ್ದಾರೆ."

ಮೇಲಿನ ನಿಲ್ದಾಣ ಬರುವವರೆಗೂ ಹೀಗೇ ನಡೆಯಿತು. ನಾದಿನಿ ಪ್ರಶ್ನೆ ಕೇಳುವಳು, ಉತ್ತರ ಸಾಲದಿದ್ದರೆ ಮತ್ತೆ ಕೇಳುವಳು. ಅತ್ತಿಗೆಯೂ ಅವಳಿಗೆ ಹೇಳಬೇಕಲ್ಲ ಎಂದು ಇನ್ನಷ್ಟು ಕಣ್ಣಿಟ್ಟು ನೋಡುವಳು. ಒಬ್ಬಳೇ ಬಂದಿದ್ದರೆ ಇದರ ಅರ್ಧವೂ ತನ್ನ ಕಣ್ಣಿಗೆ ಬೀಳುತ್ತಿರಲಿಲ್ಲ ಎಂದು ಅವಳಿಗೆ ಆಮೇಲೆ ಅನ್ನಿಸಿತು.

ಮೇಲೆ ಒಂದು ಬೆಂಚು, ಒಂದು ನಲ್ಲಿ, ಒಬ್ಬ ಸ್ಟೇಷನ್ ಮಾಸ್ತರು. ಕಟ್ಟಿಕೊಂಡು ಬಂದ ಬ್ರೆಡ್ಡು ತಿಂದು ಮುಗಿಸುವಷ್ಟರಲ್ಲಿ ರೈಲು ಮತ್ತೆ ಹೊರಡಲು ಸಿದ್ಧವಾಯಿತು. ಹತ್ತುವ ಮುಂಚೆ ಗಾರ್ಡು ಡ್ರೈವರನ ಹತ್ತಿರ ಏನೋ ಗುಸುಗುಸು ಮಾತಾಡಿ ಬಂದ. "ಇಳಿಯೋವಾಗ ಸುರಂಗದ ಹತ್ತಿರ ಬ್ರೇಕು ನೋಡೋಕೆ ಹೇಗೂ ನಿಲ್ಲಿಸಲೇಬೇಕು," ಅಂದ. "ಡ್ರೈವರು ಇವತ್ತು ಸ್ವಲ್ಪ ನಿಧಾನವಾಗಿ ನೋಡ್ತಾನಂತೆ. ನಮ್ಮ ಹಿಂದೆ ಮುಂದೆ ಇನ್ಯಾವ ರೈಲಿದೆ, ಅವಸರಪಡೋಕೆ?"

ರೈಲು ಜಲಪಾತದ ಪಕ್ಕ ನಿಂತಿತು. ಹಳಿ ನೋಡುವವರಿಗಾಗಿ ಕಟ್ಟಿದ ಕಲ್ಲಿನ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಗಾರ್ಡು ಮುಂದೆ, ಅತ್ತಿಗೆ ಹಿಂದೆ, ನಡುವೆ ನಾದಿನಿ. ಒಂಬತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಮೂವರೂ ತೊಯ್ದು ತೊಪ್ಪೆ. ನಾದಿನಿ ಕಂಬಿ ಬಿಟ್ಟು ಒಂದು ಕೈ ಮುಂದೆ ಚಾಚಿದಳು. ನೀರು ಅವಳ ಅಂಗೈಗೆ ರಪ್ಪೆಂದು ಬಡಿಯಿತು. ಅವಳು ಕೂಗಿಬಿಟ್ಟಳು. ಅತ್ತಿಗೆ ಗಾಬರಿಯಾಗಿ ನೋಡಿದರೆ ಅವಳು ನಗುತ್ತಿದ್ದಳು, ಕೂದಲೆಲ್ಲ ಮುಖಕ್ಕೆ ಅಂಟಿಕೊಂಡು.

"ಹೊಡೀತು ಕಣೇ ನನ್ನನ್ನ!" ಎಂದಳು. "ಚೆಂದ ಅನ್ನಲ್ಲ. ಜೋರು. ಬಲು ಜೋರು."

ಆ ವಾರವೇ ಅತ್ತಿಗೆ ಅಂಗಡಿಗೆ ರಜೆ ಹಾಕಿ ಅವಳನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಒಂದು ಕಣ್ಣು ಕೈಮೀರಿತ್ತು. "ಮೊದಲೇ ಬಂದಿದ್ರೆ..." ಎಂದು ಡಾಕ್ಟರು ಶುರುಮಾಡಿದಾಗ, "ಬಂದಿಲ್ವಲ್ಲ, ಈಗ ಏನು ಮಾಡೋದು ಹೇಳಿ," ಎಂದು ಅತ್ತಿಗೆ ಅವರ ಮಾತು ಕತ್ತರಿಸಿದಳು. ಇನ್ನೊಂದರಲ್ಲಿ ಬರೀ ಪೊರೆ. ಅದನ್ನು ತೆಗೆದರು.

ಪಟ್ಟಿ ಬಿಚ್ಚಿದ ದಿನ ನಾದಿನಿ ತುಂಬ ಹೊತ್ತು ಅತ್ತಿಗೆಯ ಮುಖ ನೋಡಿದಳು. ಹಣೆಯ ಗೆರೆ, ಕಿವಿಯ ಹತ್ತಿರ ಬೆಳ್ಳಗಾದ ಕೂದಲು, ಬಾಯಿಯ ಎರಡು ತುದಿ, ಒಂದನ್ನೂ ಬಿಡದೆ.

"ಏನೇ ಹಾಗೆ ನೋಡ್ತೀಯ?"

"ಎರಡೇ ವರ್ಷಕ್ಕೆ ಎಷ್ಟು ಮುದುಕಿ ಆಗ್ಬಿಟ್ಟೆ!" ಅಂದಳು ನಾದಿನಿ. ಹೇಳುತ್ತಿದ್ದ ಹಾಗೆಯೇ ಅವಳ ಗಲ್ಲ ನಡುಗಿತು. ನರ್ಸು ಓಡಿಬಂದು, ಅಳಬಾರದು, ಹೊಸ ಕಣ್ಣು, ಅಳಬಾರದು ಎಂದು ಗದರಿದಳು. ಅವಳು ಅಳಬಾರದೆಂದು ಅತ್ತಿಗೆ ಇಬ್ಬರ ಪಾಲನ್ನೂ ತಾನೇ ಅತ್ತುಬಿಟ್ಟಳು.