ಹೇಳದೆ ಹಿಡಿದ ಉಪವಾಸ

೨೦೨೫ರ ಜನವರಿ ೨೧, ಮಂಗಳವಾರ, ಬೆಳಿಗ್ಗೆ ೯ ಗಂಟೆ ೫೦ ನಿಮಿಷ. ತಾಯಿಯ ಶವದ ಪಕ್ಕ ಕೂತು ಕೂದಲು ಬಾಚುತ್ತಿದ್ದ ಉಜ್ವಲಾ ಬಾಗಿಲಾಚೆ ನೋಡಿದಳು. ಕುರ್ಚಿಯಲ್ಲಿ ಕೂತಿದ್ದ, ತಾಯಿಯ ಹಳೆಯ ರೋಗಿ ಜಿನಗೊಂಡ ಅಜ್ಜನ ಹಣೆ ಆ ಚಳಿಯಲ್ಲೂ ಬೆವರಿತ್ತು.

ಇಚಲಕರಂಜಿಯ ಆ ಓಣಿಯಲ್ಲಿ ಮಗ್ಗಗಳು ನಿಂತಿದ್ದವು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ನರ್ಸ್ ದ್ರೌಪದಿ, ಏಳು ಗಂಟೆಗೆ ಕೆಲಸಕ್ಕೆ ಹೊರಡುವಾಗ ಎದೆನೋವಿನಿಂದ ತೀರಿಕೊಂಡಿದ್ದಳು. ಕೊಲ್ಹಾಪುರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಮಗಳು ಬಂದು ಮುಟ್ಟಿದ್ದಳು. ಆದರೆ ಗಂಡ ಇರುವಾಗಲೇ ಹೋದವಳಿಗೆ ತವರಿನ ಸೀರೆ ಉಡಿಸಿಯೇ ಕಳಿಸಬೇಕು. ಅದನ್ನು ತರಬೇಕಿದ್ದ ದ್ರೌಪದಿಯ ತಮ್ಮ ಜ್ಞಾನು ಗಡಹಿಂಗ್ಲಜದಿಂದ ಇನ್ನೂ ದಾರಿಯಲ್ಲಿದ್ದ. ಹೆಣ ಎತ್ತುವವರೆಗೆ ಓಣಿಯಲ್ಲಿ ಯಾರೂ ಒಲೆ ಹಚ್ಚುವಂತಿರಲಿಲ್ಲ.

"ನೂತನಕ್ಕಾ, ಅಜ್ಜಾರ ನಾಷ್ಟಾ ಆಗೇತಲ್ಲಾ?"

ಜಿನಗೊಂಡನ ಸೊಸೆ ನೂತನ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಇಲ್ಲವಾ. ಇನ್ಸುಲಿನ್ ಚುಚ್ಚಿ ತಾಟ ಇಡೂದರಾಗ ಸುದ್ದಿ ಬಂತು. ಹೆಣ ಎತ್ತೂತನಕ ಏನೂ ಮುಟ್ಟಂಗಿಲ್ಲ ಅಂತ ಹಟ ಹಿಡದ ಕುಂತಾರ."

"ಎಷ್ಟೊತ್ತಾತು?"

"ಎರಡ ತಾಸ ಮ್ಯಾಲಾತು."

ಬಾಚಣಿಗೆ ತಾಯಿಯ ಕೂದಲಲ್ಲೇ ಉಳಿಯಿತು.

*

ಮೂರು ವರ್ಷದ ಹಿಂದೆ, ನರ್ಸಿಂಗ್ ಕಾಲೇಜಿನ ರಜೆಯಲ್ಲಿ, ಉಜ್ವಲಾ ತಾಯಿಯ ಜೊತೆ ಜಿನಗೊಂಡನ ಮನೆಗೆ ಹೋಗಿದ್ದಳು. ಸೂಜಿ ಹಾಕಿ ಮುಗಿದರೂ ದ್ರೌಪದಿ ಎದ್ದಿರಲಿಲ್ಲ. ಅವನ ತಾಟಿನ ಎದುರೇ ಕೂತಿದ್ದಳು.

"ಏನ ಸಿಸ್ಟರ, ಪೊಲೀಸ ಆಗೀರೇನ?"

"ಹೋದ ಚತುರ್ದಶಿಗೆ ಕಳ್ಳ ಸಿಕ್ಕಾನಲ್ರಿ. ಸೂಜಿ ಹಾಕಿಸ್ಕೊಂಡ, ಉಪವಾಸ ಹಿಡದ, ಹೊಲದಾಗ ಬಿದ್ದಿದ್ರಿ."

"ವ್ರತ ಬಿಡ ಅಂತೀರೇನ?"

"ನಾ ಯಾಕ ಅನ್ಲಿ? ಮೊದಲ ನನಗ ಹೇಳ್ರಿ, ದೇವರಿಗೆ ಆಮ್ಯಾಲ ಹೇಳ್ರಿ. ಡಾಕ್ಟರಿಗೆ ಕೇಳಿ ಡೋಸ ಕಮ್ಮಿ ಮಾಡೋಣ."

ಜಿನಗೊಂಡ ನಗುತ್ತ ರೊಟ್ಟಿ ಮುರಿದಿದ್ದ.

"ಉಣ್ಣೂದ ನೋಡಕೋತ ಕುಂದರೂದೂ ನರ್ಸ ಕೆಲಸೇನ?" ಎಂದು ಉಜ್ವಲಾ ದಾರಿಯಲ್ಲಿ ಗೊಣಗಿದ್ದಳು. ತಾಯಿ ಹೂಂ ಅಂದಳು, ಅಷ್ಟೆ.

*

ತಾಯಿಯ ಚೀಲದಿಂದ ಗ್ಲುಕೋಮೀಟರ್ ತೆಗೆದು ಉಜ್ವಲಾ ಅಜ್ಜನ ಬೆರಳು ಚುಚ್ಚಿದಳು. ೪೬. ರಕ್ತದ ಸಕ್ಕರೆ ಎಪ್ಪತ್ತರ ಕೆಳಗೆ ಇಳಿಯಬಾರದು.

"ಅಜ್ಜಾರ, ಸಕ್ಕರಿ ನೀರ ಕುಡೀಬೇಕ್ರಿ. ಈಗ."

"ನಿಮ್ಮವ್ವ ಇಲ್ಲೇ ಮಲಗ್ಯಾಳ. ನಾ ಹೆಂಗ ಕುಡೀಲಿ?" ಅವನ ನಾಲಿಗೆ ತೊದಲುತ್ತಿತ್ತು.

ಓಣಿಯ ಹಿರಿಯ ಬಾಪೂಸಾಹೇಬ ಕೈ ಅಡ್ಡ ಹಿಡಿದ. "ಅಗ ಪೋರಿ, ಥಾಂಬ. ಹೆಣ ಮುಟ್ಟಿದ ಕೈಲೆ ವ್ರತದ ಮನಶ್ಯಾಗ ಕೊಡತಾರೇನ? ಸೂತಕದ ಮನಿ ಇದು."

"ತಡಾ ಮಾಡಿದ್ರ ಎರಡ ಮನ್ಯಾಗ ಸೂತಕ ಆಕ್ಕೇತ್ರಿ, ಕಾಕಾ."

ಹೆಂಡತಿಯ ತಲೆಯ ಬಳಿ ಅಲುಗಾಡದೆ ಕೂತಿದ್ದ ಉಜ್ವಲಾಳ ಅಪ್ಪ ಸತ್ಯಪ್ಪ ಎದ್ದ. ಒಳಗೆ ಹೋಗಿ ಸಕ್ಕರೆ ಕಲಸಿದ ನೀರು ತಂದು ಜಿನಗೊಂಡನ ಮುಂದೆ ಹಿಡಿದ.

"ಆಕೀಗೆ ಹೇಳದನ ಉಪವಾಸ ಹಿಡದೀರಿ, ಅಣ್ಣಾ. ಸಿಟ್ಟ ಆಗತಾಳ."

ಜಿನಗೊಂಡ ಎರಡೂ ಕೈ ಚಾಚಿ ಲೋಟ ತೆಗೆದುಕೊಂಡ. ಅದು ಚೆಲ್ಲದಂತೆ ಉಜ್ವಲಾ ಕೆಳಗೆ ಕೈಯಿಟ್ಟಳು. ನೂತನ ಮನೆಗೆ ಓಡಿ ಬಾಳೆಹಣ್ಣು ತಂದಳು.

ಅಷ್ಟರಲ್ಲಿ ಜ್ಞಾನು ಹಸಿರು ಸೀರೆಯೊಂದಿಗೆ ಅಳುತ್ತ ಬಂದ. ಹೆಂಗಸರು ಉಡಿಸಿದರು, ಉಜ್ವಲಾ ನೆರಿಗೆ ಹಿಡಿದಳು. ಚಟ್ಟ ಎತ್ತಲು ನಾಲ್ವರು ಬಗ್ಗಿದರು.

"ಸ್ವಲ್ಪ ನಿಲ್ರಿ, ಮಾಮಾ. ಅಜ್ಜಾರನ್ನ ಇನ್ನೊಮ್ಮೆ ನೋಡಬೇಕ."

ಜ್ಞಾನು ಏನೋ ಹೇಳಲು ಹೋದ. "ಥಾಂಬಾ ರೇ!" ಎಂದು ತಡೆದವನು ಬಾಪೂಸಾಹೇಬನೇ.

ಈ ಸಲ ಜಿನಗೊಂಡ ತಾನಾಗಿ ಬೆರಳು ಚಾಚಿದ. ಮಾತು ಸ್ಪಷ್ಟವಾಗಿತ್ತು. "ನಮ್ಮ ನೂತನಗ ಚುಚ್ಚಾಕ ಬರತೈತಿ, ಬೈಯಾಕ ಬರಂಗಿಲ್ಲ. ಇನ್ನ ಬೈಯೋರ ಯಾರವಾ?"

"ನಾ ಬರತೀನ್ರಿ," ಉಜ್ವಲಾ ರಕ್ತದ ಹನಿಯನ್ನು ಮೀಟರಿನ ಪಟ್ಟಿಗೆ ತಾಗಿಸಿದಳು. "ತಾಟ ಖಾಲಿ ಆಗೂತನಕ ಎದರಿಗೇ ಕುಂದರತೀನಿ."

ನಾಲ್ವರೂ ಬಗ್ಗಿದ ಹಾಗೆಯೇ, ಬಿದಿರಿನ ಮೇಲೆ ಕೈಯಿಟ್ಟುಕೊಂಡು, ಅವಳ ಅಂಗೈಯಲ್ಲಿದ್ದ ಮೀಟರನ್ನು ನೋಡುತ್ತಿದ್ದರು.

ಅಂಕಿ ಮೂಡಿತು: ೯೪.