ಕೋಟು ತೊಡದ ದರ್ಜಿ

ಚಳಿಗೆ ಹೆದರಿ ಇಡೀ ಬೀದಿಯೇ ಕುತ್ತಿಗೆಯನ್ನು ಹೆಗಲೊಳಗೆ ಹುದುಗಿಸಿಕೊಂಡು ನಡೆಯುವ ಹೊತ್ತಿನಲ್ಲಿ ಒಬ್ಬರು ಮಾತ್ರ ಬರೀ ಅಂಗಿಯಲ್ಲಿ, ಎದೆ ಸೆಟೆಸಿ, ಯಾರೋ ಅಳತೆ ತೆಗೆಯುತ್ತಿದ್ದಾರೆಂಬಂತೆ ತೋಳುಗಳನ್ನು ಮೈಗೆ ಅಂಟದ ಹಾಗೆ ತುಸು ದೂರ ಹಿಡಿದು ನಡೆಯುತ್ತಿದ್ದರು. ತುಟಿ ನೀಲಿಗಟ್ಟಿದ್ದರೂ ನಡಿಗೆಯ ಗತ್ತು ಕಿಂಚಿತ್ತೂ ಕುಗ್ಗುತ್ತಿರಲಿಲ್ಲ. ತಮಾಷೆಯೆಂದರೆ ಈ ಮಹಾನುಭಾವರ ಕಸುಬೇ ಕೋಟು ಹೊಲಿಯುವುದು. ಕಂಡಕಂಡವರಿಗೆಲ್ಲ ಕೋಟು ಕತ್ತರಿಸಿಕೊಡುವ ಈ ಕಟಿಂಗ್ ಮಾಸ್ಟರು ತಮಗೆಂದು ಒಂದನ್ನೂ ಹೊಲಿದುಕೊಂಡಿರಲಿಲ್ಲ. ಯಾರಾದರೂ ಕೇಳಿದರೆ, "ನಂಗ್ಯಾಕೆ ಬಿಡಿ, ಇನ್ನೇನು ಹೊರಟೆ" ಎನ್ನುತ್ತಿದ್ದರು.

ದಕ್ಷಿಣದ ಬಿಸಿಲೂರಿನಲ್ಲಿ ಅವರದೇ ಅಂಗಡಿಯಿತ್ತು. ಸೂಟು ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ರೆಡಿಮೇಡ್ ಮಳಿಗೆಗಳು ಒಂದೊಂದಾಗಿ ತಲೆಯೆತ್ತಿದ ಮೇಲೆ ಅಂಗಡಿ ಬಾಗಿಲು ಹಾಕಿತು. ಉತ್ತರದಲ್ಲಿ ಹೊಲಿಗೆಯಂಗಡಿ ಇಟ್ಟಿದ್ದ ಹೆಂಡತಿಯ ತಮ್ಮ "ಬನ್ನಿ ಭಾವ, ನಾನಿಲ್ವಾ" ಎಂದು ಕರೆದ. ಹೆಂಡತಿಯೊಂದಿಗೆ ಬಂದರು, ಆದರೆ ಮನಸ್ಸು ಬರಲಿಲ್ಲ. ಬಾಡಿಗೆ ಕೋಣೆಯ ಮೂಲೆಯಲ್ಲಿ ಪೆಟ್ಟಿಗೆಗಳು ಹಗ್ಗ ಬಿಚ್ಚದೆ ಕುಳಿತಿದ್ದವು. ಗಾಳಿ ನುಗ್ಗುವ ಕಿಟಕಿಯ ಸಂದಿಗೆ ಅಂಗಡಿಯ ಚಿಂದಿ ತುರುಕಿದ್ದರೇ ಹೊರತು ಒಂದು ಪರದೆ ತರಲಿಲ್ಲ. ಹಿಂದಿರುಗಿ ಹೋಗಿ ತಮ್ಮ ಅಂಗಡಿಯ ಬಾಗಿಲನ್ನು ತಾವೇ ಮತ್ತೆ ತೆರೆಯಬೇಕೆಂಬ ಒಂದೇ ಆಸೆಯ ಮೇಲೆ ಅವರು ಉಸಿರು ಹಿಡಿದಿದ್ದರು.

ಎಡವಟ್ಟಾದದ್ದು ಮೊದಲ ಚಳಿಗಾಲದಲ್ಲೇ. ಅಳತೆ ಕೊಡಲು ಬಂದವರಿಗೆಲ್ಲ ಅವರು ಸ್ವೆಟರು ಬಿಚ್ಚಿಸುತ್ತಿದ್ದರು. "ಈ ಮೂಟೆ ಮೇಲೆ ಟೇಪು ಕೂರಲ್ಲ ಸ್ವಾಮಿ, ಅಂಗಿ ಮೇಲೆ ಅಳತೆ ಕೊಡಿ." ಹೊಲಿಗೆಯ ಒಳಗೆ ಹೆಚ್ಚಿಗೆ ಬಟ್ಟೆ ಬಿಟ್ಟು ಹೊಲಿಯುವವನು ತನ್ನ ಕತ್ತರಿಯನ್ನು ನಂಬದವನು ಎಂಬುದು ಅವರ ಸಿದ್ಧಾಂತ. ಕೋಟುಗಳೇನೋ ಮೈಗೆ ಅಚ್ಚೊತ್ತಿದ ಹಾಗೆ ಕೂತವು, ಆದರೆ ಅಂಗಿಯ ಮೇಲೆ. ಆ ಊರಿನಲ್ಲಿ ಅಂಗಿಯ ಮೇಲೆ ಕೋಟು ತೊಡುವವರು ಯಾರಿದ್ದಾರೆ? ಸ್ವೆಟರಿನ ಮೇಲೆ ತೊಡಲು ಹೋದವರ ಗುಂಡಿ ಕಾಜಾವನ್ನು ಮುಟ್ಟಲಿಲ್ಲ. ಬಿಚ್ಚಿ ಸಡಿಲಿಸೋಣವೆಂದರೆ ಒಳಗೆ ಬಟ್ಟೆಯೇ ಇರಲಿಲ್ಲ. ಒಬ್ಬ ಶಾಲಾ ಮೇಷ್ಟ್ರು ಕೋಟನ್ನು ಮೇಜಿನ ಮೇಲಿಟ್ಟು, "ಬೇಸಿಗೇಲಿ ಹಾಕ್ಕೊಳ್ಳೋಕೆ ಬಹಳ ಚೆನ್ನಾಗಿದೆ" ಎಂದು ಹೇಳಿಹೋದರು. ಅಂಗಡಿಯವರೆಲ್ಲ ನಕ್ಕರು. ಸಂಜೆ ಭಾವಮೈದುನ ನೆಲ ನೋಡುತ್ತ, "ಬೇಜಾರು ಮಾಡ್ಕೋಬೇಡಿ ಭಾವ. ಸ್ವಲ್ಪ ದಿನ ಕತ್ತರಿ ನಾನೇ ಹಿಡೀತೀನಿ, ನೀವು ಕಾಜಾ ನೋಡ್ಕೊಳ್ಳಿ" ಎಂದ.

ಅವರು ಕತ್ತರಿ ಕೆಳಗಿಟ್ಟರು. ಹೊಸದಾಗಿ ಕೆಲಸಕ್ಕೆ ಸೇರಿದವರು ಹೊಲಿಯುವ ಕಾಜಾವನ್ನು ನರೆತ ತಲೆ ಬಾಗಿಸಿ ಹೊಲಿಯುತ್ತ ಕುಳಿತ ಅವರನ್ನು ಕಂಡರೆ ಕರುಳು ಚುರ್ರೆನ್ನುತ್ತಿತ್ತು, ಅವರ ಹಟಕ್ಕೆ ಸಿಟ್ಟೂ ಬರುತ್ತಿತ್ತು. ಸ್ವೆಟರಿನ ಮೇಲೆ ಅಳತೆ ತೆಗೆಯುವುದು ಅವರಿಗೆ ಬಾರದ ವಿದ್ಯೆಯೇನಲ್ಲ. ತೆಗೆದರೆ ತಾವು ಈ ಊರಿನವರಾದೆವೆಂದು ಒಪ್ಪಿದಂತಾಗುತ್ತದಲ್ಲ, ಅದೇ ಭಯ.

ಎರಡನೆಯ ಚಳಿಗಾಲದಲ್ಲಿ ಹೆಂಡತಿಗೆ ಕೆಮ್ಮು ಹತ್ತಿತು. ಡಾಕ್ಟರು ಬೆಚ್ಚಗಿರಿ ಎಂದರು. ಇದ್ದ ಸ್ವೆಟರುಗಳನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡರೂ ಆಕೆಯ ನಡುಕ ನಿಲ್ಲಲಿಲ್ಲ. ಎಂದೂ ಎದುರಾಡದ ಹೆಂಗಸು ಒಮ್ಮೆ ಮಾತ್ರ ಕೇಳಿದಳು: "ರೀ, ಹೋಗೋದು ಹೋಗೋಣ. ಇರೋವಷ್ಟು ದಿನ ಆದ್ರೂ ಬೆಚ್ಚಗಿರೋಣ ಅನ್ಸಲ್ವಾ ನಿಮಗೆ?"

ಮಾರನೆಯ ದಿನ ಅವರು ದಪ್ಪ ಉಣ್ಣೆಯ ಬಟ್ಟೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು. ಹೆಂಡತಿಯನ್ನು ಕಿಟಕಿಯ ಬಳಿ ನಿಲ್ಲಿಸಿದರು. ಗಂಡನ ಕಟ್ಟಳೆ ಬಲ್ಲ ಆಕೆ ಸ್ವೆಟರಿಗೆ ಕೈಹಾಕಿದಾಗ, "ಬೇಡ, ಇರ್ಲಿ. ಅದರ ಮೇಲೇನೇ ತಗೋತೀನಿ" ಎಂದರು. ನೆಲದ ಮೇಲೆ ಬಟ್ಟೆ ಹರವಿ, ಬಹಳ ದಿನಗಳ ಮೇಲೆ ಕತ್ತರಿ ಆಡಿಸಿದರು. ಕಚ್ಚಾ ಹೊಲಿಗೆ ಹಾಕಿ ತೊಡಿಸಿದಾಗ ಆಕೆ ಅಂಚನ್ನು ತಿರುವಿ ನೋಡಿ ಬೆರಗಾದಳು.

"ಇಷ್ಟೊಂದು ಬಟ್ಟೆ ಒಳಗೆ ಬಿಟ್ಟಿದ್ದೀರಲ್ಲ, ಯಾಕ್ರೀ?"

"ಮುಂದೆ ಮೈ ಬಂದ್ರೆ ಬಿಚ್ಚಿ ದೊಡ್ಡದು ಮಾಡ್ಬೋದು" ಎಂದರು ಅವರು, ಸೂಜಿಯಿಂದ ಕಣ್ಣು ತೆಗೆಯದೆ. "ಸುಮಾರು ವರ್ಷ ಬರ್ಬೇಕಲ್ಲ."

ಆಕೆಗೆ ಅರ್ಥವಾಯಿತು. "ಹಂಗಾದ್ರೆ ನಮ್ಮ ಅಂಗಡಿ..." ಎಂದಳು.

"ಕೈ ಎತ್ತು, ತೋಳು ನೋಡ್ತೀನಿ" ಎಂದರು. ಅವರ ಕಣ್ಣು ತುಂಬಿತ್ತು.

ಊರು ಬಿಟ್ಟು ಬಂದ ಇಂಥವರು ಚಳಿಗೆ ಸೋಲುವುದಿಲ್ಲ, ಅವಮಾನಕ್ಕೆ ಸೋಲುವುದಿಲ್ಲ. ಪಕ್ಕದಲ್ಲಿ ನಡುಗುವವರನ್ನು ನೋಡಲಾರದೆ ಸೋಲುತ್ತಾರೆ. ಮರಳುವ ದಾರಿಯನ್ನು ಅವರಿಗೆ ಬೇರೆ ಯಾರೂ ಮುಚ್ಚುವುದಿಲ್ಲ, ತಮ್ಮವರನ್ನು ಬೆಚ್ಚಗಿಡಲು ಹೋಗಿ ತಾವೇ ಕೈಯಾರೆ ಮುಚ್ಚಿಕೊಳ್ಳುತ್ತಾರೆ. ನೋಡಿದವರು ಮಾತ್ರ, ಅಂತೂ ಹೊಂದಿಕೊಂಡರು ಎಂದು ಸಲೀಸಾಗಿ ಹೇಳಿ ಮುಂದೆ ಹೋಗುತ್ತಾರೆ.